ಕೊಡಗಿನ ಏರಲ್ಲಿ ಹಾಫ್ ಮ್ಯಾರಥಾನ್ ತಯಾರಿ: ಮೂರು ಪ್ಲಾನ್ ಮಾಡಿ ನೋಡಿದೆ, ಒಂದು ಉಳೀತು

ಮೊದ್ಲೇ ಹೇಳ್ಬಿಡ್ತೀನಿ, ನಾನು ಓಟಗಾರ ಅಲ್ಲ. ಮೂರ್ನಾಡು ಹತ್ರ ಒಂದಿಷ್ಟು ಕಾಫಿ ತೋಟ, ಜೊತೆಗೆ ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋ ಕೆಲ್ಸ, ವಯಸ್ಸು 41, ಹೊಟ್ಟೆ ಬೆಲ್ಟ್ ದಾಟಿ ಆಚೆ ಬಂದಿತ್ತು. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಊಟ ಮುಗಿಸಿ ಎಲ್ರೂ ಕೂತು ಹರಟ್ತಾ ಇರುವಾಗ, ಎರಡು ಪೆಗ್ ಒಳಗಿತ್ತೋ ಏನೋ, ಮುಂದಿನ ವರ್ಷ ಮೈಸೂರಲ್ಲಿ ಹಾಫ್ ಮ್ಯಾರಥಾನ್ ಓಡ್ತೀನಿ ನೋಡ್ತಾ ಇರಿ ಅಂದ್ಬಿಟ್ಟೆ. ಬೆಂಗಳೂರಲ್ಲಿರೋ ದೊಡ್ಡಮ್ಮನ ಮಗ ಅದನ್ನ ಫೋನಲ್ಲಿ ರೆಕಾರ್ಡ್ ಬೇರೆ ಮಾಡ್ಕೊಂಡ. ಹಾಫ್ ಅಂದ್ರೆ 21.0975 ಕಿಲೋಮೀಟರ್ ಅಂತ ಗೊತ್ತಾಗಿದ್ದೇ ಮಾರನೇ ದಿನ.

ಆ ಒಂದು ವರ್ಷದಲ್ಲಿ ಮೂರು ದಾರಿ ಹಿಡಿದೆ. ಒಂದು, ಹಾಲ್ ಹಿಗ್ಡನ್ ಅನ್ನೋ ಅಮೆರಿಕದವರ 12 ವಾರದ ಪ್ಲಾನ್. ಎರಡು, ಮ್ಯಾಫೆಟೋನ್ ಅನ್ನೋರ ಹಾರ್ಟ್ ರೇಟ್ ಲೆಕ್ಕ. ಮೂರು, ಜೆಫ್ ಗ್ಯಾಲೋವೇ ಅವರ ಓಡು-ನಡಿ ಪದ್ಧತಿ. ಕಾಯಿಸೋದಿಲ್ಲ, ಗೆದ್ದಿದ್ದು ಮೂರನೇದು, ಅದೂ ಹೇಗಿತ್ತೋ ಹಾಗೇ ಅಲ್ಲ, ನಾನು ಒಂದಿಷ್ಟು ಕೆಡಿಸಿದ ಮೇಲೆ. ಉಳಿದೆರಡು ಕೆಟ್ಟವು ಅಂತ ಅಲ್ಲ, ನಮ್ಮ ರಸ್ತೆಗೆ ಹೊಂದಲ್ಲ ಅಷ್ಟೇ. ಮಂಡ್ಯದಲ್ಲಿ ಕೂತು ಇದನ್ನ ಓದೋರಿಗೆ ನನ್ನ ತೀರ್ಪು ತಲೆಕೆಳಗಾಗಿಯೇ ಕಾಣ್ಬಹುದು.

ಹಿಗ್ಡನ್ ಪ್ಲಾನ್ ನೋಡೋಕೆ ಬಲೇ ಚಂದ. ಹೊಸಬರಿಗೆ ಅಂತಾನೇ ಇರೋದು, ಸೋಮವಾರ ಶುಕ್ರವಾರ ರೆಸ್ಟು, ವಾರದ ಮಧ್ಯ ಸಣ್ಣ ಸಣ್ಣ ಓಟ, ಭಾನುವಾರ ಉದ್ದದ್ದು. ಮೊದಲ ಭಾನುವಾರ 4 ಮೈಲಿ ಅಂದ್ರೆ 6.4 ಕಿಲೋಮೀಟರ್, ಹನ್ನೊಂದನೇ ವಾರಕ್ಕೆ 10 ಮೈಲಿ ಅಂದ್ರೆ 16, ಅಷ್ಟಾದ್ರೆ ಸಾಕು, ಉಳಿದ 5 ಕಿಲೋಮೀಟರ್ ರೇಸ್ ದಿನದ ಹುರುಪಲ್ಲೇ ಹೋಗುತ್ತೆ ಅನ್ನೋ ಲೆಕ್ಕ. ಪ್ರಿಂಟ್ ತೆಗ್ದು ಫ್ರಿಡ್ಜ್ ಮೇಲೆ ಅಂಟಿಸಿ ದಿನಾ ಟಿಕ್ ಹಾಕ್ತಿದ್ದೆ, ಆ ಟಿಕ್ ಹಾಕೋ ಖುಷಿಗೇ ಎಷ್ಟೋ ದಿನ ಹಾಸಿಗೆ ಬಿಟ್ಟು ಎದ್ದಿದ್ದೀನಿ, ಸುಳ್ಳು ಹೇಳಲ್ಲ.

ಎಡವಿದ್ದು ಎರಡು ಕಡೆ. ಒಂದು ಟೈಮು, ನಾನು ಶುರು ಮಾಡಿದ್ದು ಡಿಸೆಂಬರಲ್ಲಿ, ಅಂದ್ರೆ ಹಣ್ಣು ಕುಯ್ಯೋ ಸೀಸನ್, ಶನಿವಾರ ಸಂಜೆ ಬಟವಾಡೆ ಮುಗಿಸಿ, ಕಣದಲ್ಲಿ ಹರಡಿದ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ ಮಲಗೋ ಹೊತ್ತಿಗೆ ಹನ್ನೊಂದು, ಭಾನುವಾರ ಐದಕ್ಕೆ ಎದ್ರೆ ಕಾಲು ಕಾಲಾಗಿರ್ತಿರ್ಲಿಲ್ಲ. ಇದು ನನ್ನ ದಡ್ಡತನ, ಪ್ಲಾನ್ ತಪ್ಪಲ್ಲ.

ಎರಡನೇದು ರಸ್ತೆ. ಐದನೇ ವಾರದ ಭಾನುವಾರ 6 ಮೈಲಿ ಇತ್ತು. ಮೂರ್ನಾಡಿಂದ ಬೇತ್ರಿ ಹೊಳೆ ಕಡೆ ಇಳಿಯೋ ರಸ್ತೇಲಿ 4.8 ಹೋಗಿ ಅಷ್ಟೇ ವಾಪಸ್ ಬಂದ್ರೆ ಲೆಕ್ಕ ಸರಿಹೋಗುತ್ತೆ ಅಂತ ಹೊರಟೆ. ಮಂಜು ಇತ್ತು, ಇಳಿಜಾರು, ಕಾಲು ತಾನಾಗೇ ಹೋಗ್ತಿದೆ, ಫೋನಲ್ಲಿರೋ ಹೆಂಗಸು ಪ್ರತಿ ಕಿಲೋಮೀಟರ್‌ಗೂ ಸ್ಪೀಡ್ ಹೇಳ್ತಾಳೆ, ನಾನು ಒಳಗೊಳಗೇ ಹೀರೋ. ತಿರುಗಿದ ಮೇಲೆ ಗೊತ್ತಾಯ್ತು. ಏರು ಹತ್ತಿ ಮನೆ ಸೇರಿದ್ದು ಹೇಗೆ ಅಂತ ಈಗ್ಲೂ ಸರಿಯಾಗಿ ನೆನಪಿಲ್ಲ. ಮಾರನೇ ದಿನ ಸಂಘದ ಕಟ್ಟಡದ ಮೆಟ್ಟಿಲು ಹತ್ತೋಕೆ ಆಗ್ತಿತ್ತು, ಇಳಿಯೋಕೆ ಆಗ್ತಿರ್ಲಿಲ್ಲ, ಗೋಡೆ ಹಿಡ್ಕೊಂಡು ಏಡಿ ತರ ಅಡ್ಡಡ್ಡ ಇಳಿದೆ. ಇಳಿಜಾರಲ್ಲಿ ತೊಡೆ ಮುಂದಿನ ಸ್ನಾಯು ಎಳ್ಕೊಳ್ತಾನೇ ಬ್ರೇಕ್ ಹಾಕ್ಬೇಕು, ಅದಕ್ಕೇ ಏರಿಗಿಂತ ಇಳಿಜಾರೇ ಜಾಸ್ತಿ ಪೆಟ್ಟು ಕೊಡೋದು, ನೋವು ಗೊತ್ತಾಗೋದೂ ಒಂದೆರಡು ದಿನ ಬಿಟ್ಟು. ತೊಡೆ ನಾಲ್ಕು ದಿನದಲ್ಲಿ ಸರಿಹೋಯ್ತು. ಮೊಣಕಾಲು ಕೆಳಗಿನ ಎಲುಬಿನ ಒಳ ಅಂಚು ಮಾತ್ರ ಬಿಡ್ಲಿಲ್ಲ. ಡಾಕ್ಟ್ರು ಬೆರಳಲ್ಲಿ ಒತ್ತಿ ಒತ್ತಿ ನೋಡಿ, ನೋವು ಉದ್ದಕ್ಕೂ ಇದೆ, ಒಂದೇ ಬಿಂದುವಲ್ಲಿ ಇಲ್ಲ, ಹಾಗಾಗಿ ಎಲುಬು ಬಿರುಕು ಬಿಟ್ಟ ಹಾಗೆ ಕಾಣಲ್ಲ, ಒಂದು ತಿಂಗಳು ಓಡ್ಬೇಡಿ ಅಂದ್ರು.

ಪ್ಲಾನಲ್ಲಿ 9.6 ಕಿಲೋಮೀಟರ್ ಅಂತ ಬರ್ದಿದೆ. ಯಾವ 9.6 ಅಂತ ಬರ್ದಿಲ್ಲ. ನಮ್ಮಲ್ಲಿ ಅದೇ ಪ್ರಶ್ನೆ.

ಮಾರ್ಚಲ್ಲಿ ಎರಡನೇ ದಾರಿ. ಮ್ಯಾಫೆಟೋನ್ ಲೆಕ್ಕ ಸುಲಭ, 180ರಲ್ಲಿ ವಯಸ್ಸು ಕಳಿ, ಹೊಸಬರಾದ್ರೆ ಅಥ್ವಾ ಪೆಟ್ಟಾಗಿದ್ರೆ ಇನ್ನೂ 5 ಕಳಿ. ನಂಗೆ 134 ಬಂತು. ಎದೆಬಡಿತ ಅದಕ್ಕಿಂತ ಮೇಲೆ ಹೋಗದ ಹಾಗೆ ಓಡ್ಬೇಕು, ಹೋದ್ರೆ ನಿಧಾನ ಮಾಡು, ಇನ್ನೂ ಹೋದ್ರೆ ನಡಿ. ನಿಧಾನಕ್ಕೆ ಓಡಿ ಓಡಿ ದೇಹಕ್ಕೆ ಕೊಬ್ಬು ಉರಿಸೋದು ಕಲಿಸೋದು ಇದರ ತಿರುಳು. ಒಂದು ವಾಚ್ ತಗೊಂಡೆ, ಹೆಂಡ್ತಿಗೆ ಹೇಳಿದ ರೇಟು ಬೇರೆ.

ಮನೆ ಗೇಟಿಂದ ರಸ್ತೆಗೆ ಬರೋಕೆ ಇನ್ನೂರು ಮೀಟರ್ ಏರಿದೆ. ಅಷ್ಟರಲ್ಲೇ ವಾಚ್ ಕಿರುಚೋದು, 148, 151. ನಡಿ. ನಡೆದ್ರೂ 128ರ ಹತ್ರಾನೇ ಇರೋದು. ಅಂದ್ರೆ ಮೂರ್ನಾಡಲ್ಲಿ ಮ್ಯಾಫೆಟೋನ್ ಅಂದ್ರೆ ವಾಕಿಂಗ್. ನಿವೃತ್ತ ಸುಬೇದಾರ್ ನಮ್ಮ ಮಾವ, ಬೂಟು ರೈಫಲ್ಲು ಸಮೇತ 5 ಕಿಲೋಮೀಟರ್ ಓಡಿದ ಕಾಲದವರು, ಗೇಟಲ್ಲಿ ನಿಂತು ಬೆಲ್ಲದ ಕಾಫಿ ಕುಡೀತಾ ನೋಡ್ತಿದ್ರು. "ಈ ವಾಚ್ ನಿಂಗೆ ಓಡೋಕೆ ಪರ್ಮಿಷನ್ ಕೊಡಲ್ವಾ?" ಅಂದ್ರು ಒಂದಿನ.

ಇನ್ನೊಂದು ವಿಷ್ಯ, ವಾಚ್ ತಗೊಳ್ಳೋರು ಗಮನಿಸಿ. ಒಂದು ಬೆಳಗ್ಗೆ ಚಳಿ ಚೆನ್ನಾಗಿತ್ತು, ಆರಾಮಾಗಿ ಉಸಿರಾಡ್ಕೊಂಡು ಸಮತಟ್ಟು ಜಾಗದಲ್ಲಿ ಹೋಗ್ತಿದ್ದೀನಿ, ವಾಚ್ 168 ಅಂತಿದೆ. ಹೆದರಿ ನಿಂತು ಕುತ್ತಿಗೆಗೆ ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ, 33. ನಾಲ್ಕರಿಂದ ಗುಣಿಸಿದ್ರೆ 132. ಮತ್ತೆ 168 ಎಲ್ಲಿಂದ ಬಂತು ಅಂದ್ರೆ ಅದು ನನ್ನ ಹೆಜ್ಜೆ ಲೆಕ್ಕ, ನಿಮಿಷಕ್ಕೆ ಸುಮಾರು ಅಷ್ಟೇ ಹೆಜ್ಜೆ ಬೀಳ್ತಿತ್ತು. ಮಣಿಕಟ್ಟಿನ ಸೆನ್ಸರ್ ಬೆಳಕು ಬಿಟ್ಟು ರಕ್ತದ ಹರಿವು ನೋಡೋದು, ಚಳಿಗೆ ಚರ್ಮದಲ್ಲಿ ರಕ್ತ ಕಮ್ಮಿ ಆದ್ರೆ ಅದು ಎದೆಬಡಿತ ಬಿಟ್ಟು ಕೈ ಅಲ್ಲಾಡೋದನ್ನ ಎಣಿಸೋಕೆ ಶುರು ಮಾಡುತ್ತೆ. ಎದೆಗೆ ಕಟ್ಟೋ ಪಟ್ಟಿ ಆದ್ರೆ ಈ ರಗಳೆ ಕಮ್ಮಿ. ನಾನು ಪಟ್ಟಿ ತಗೊಳ್ಲಿಲ್ಲ, ಇನ್ನೊಂದು ಸುಳ್ಳು ರೇಟ್ ಹೇಳೋ ಧೈರ್ಯ ಇರ್ಲಿಲ್ಲ.

ಆದ್ರೆ ಈ ಪದ್ಧತೀನ ಪೂರ್ತಿ ತೆಗ್ದುಹಾಕೋಕೂ ಆಗಲ್ಲ, ಯಾಕಂದ್ರೆ ಭಾನುವಾರ ಕಾರ್ ತಗೊಂಡು ಕುಶಾಲನಗರಕ್ಕೆ ಹೋಗಿ ಅಲ್ಲಿಂದ ಕೂಡಿಗೆ ಕಡೆ ಓಡಿದಾಗ ಅದು ನಿಜವಾಗ್ಲೂ ಕೆಲಸ ಮಾಡ್ತು. ಅಲ್ಲಿ ರಸ್ತೆ ಸಮ, ಗದ್ದೆ ಬಯಲು. ಮಾರ್ಚಲ್ಲಿ 134ರ ಬಡಿತಕ್ಕೆ ಒಂದು ಕಿಲೋಮೀಟರ್‌ಗೆ 9 ನಿಮಿಷ 40 ಸೆಕೆಂಡ್ ಬೇಕಿತ್ತು, ಮೇ ಕೊನೇಲಿ ಅದೇ ಬಡಿತಕ್ಕೆ 8:50. ಕಾಲು ನೋವಿಲ್ಲ, ಏದುಸಿರಿಲ್ಲ. ಕೂಡಿಗೆ ಹತ್ರ ಒಂದಿನ ಕ್ರೀಡಾಶಾಲೆ ಹುಡುಗ್ರು ಗುಂಪಾಗಿ ಬಂದು ನನ್ನ ಎರಡೂ ಪಕ್ಕದಿಂದ ಹಾದು ಹೋದ್ರು, ಒಬ್ಬನ ಉಸಿರೂ ಕೇಳಿಸ್ಲಿಲ್ಲ, ಚಪ್ಪಲಿ ಹಾಕ್ಕೊಂಡ್ ಬೆಕ್ಕು ಓಡಿದ ಹಾಗೆ. ಖರ್ಚು ನೋಡಿದ್ರೆ ಹೋಗ್ತಾ ಒಂದು ಗಂಟೆ ಮೇಲೆ, ಬರ್ತಾ ಇನ್ನೊಂದು, ಪೆಟ್ರೋಲು, ಮನೇಲಿ ಮುಖ ದಪ್ಪ. ಕುಶಾಲನಗರದಲ್ಲಿ ಮನೆ ಇರೋರು ಕಣ್ಣು ಮುಚ್ಕೊಂಡು ಇದನ್ನೇ ಹಿಡೀರಿ. ಹೂ ಮಳೆ ಆಗಿ ತೋಟ ಎಲ್ಲ ಬೆಳ್ಳಗೆ ಅರಳಿದ ವಾರ ಮಾತ್ರ ನಾನು ಎಲ್ಲಿಗೂ ಹೋಗ್ಲಿಲ್ಲ, ಮನೆ ರಸ್ತೇಲೇ ವಾಚ್ ಬಿಚ್ಚಿಟ್ಟು ಓಡಿದೆ.

ಜೂನಿಗೆ ಮೂರನೇದು. ಗ್ಯಾಲೋವೇ ಅಂದ್ರೆ ಸುಮ್ನೆ ಯಾರೋ ಅಲ್ಲ, 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ 10,000 ಮೀಟರ್ ಓಡಿದವರು, ಅಂಥವರೇ ನಡೀರಿ ಅಂತ ಹೇಳಿದ್ರೆ ನಮಗೇನು ಮರ್ಯಾದೆ ಪ್ರಶ್ನೆ. ಮುಖ್ಯವಾದ ಮಾತು ಒಂದೇ, ಸುಸ್ತಾದ ಮೇಲೆ ನಡೆಯೋದಲ್ಲ, ಮೊದಲ ನಿಮಿಷಗಳಿಂದಲೇ ನಡಿಗೆ ಸೇರಿಸ್ಬೇಕು. 3 ನಿಮಿಷ ಓಟ, 1 ನಿಮಿಷ ನಡಿಗೆ ಅಂತ ಟೈಮರ್ ಇಟ್ಟೆ.

ಎರಡು ವಾರ ಆಯ್ತು, ಸಿಟ್ಟು ಬಂತು. ಟೈಮರ್‌ಗೆ ಏರು ಇಳಿಜಾರು ಗೊತ್ತಿಲ್ವಲ್ಲ, ಮೇಕೇರಿ ಕಡೆ ಏರು ಹತ್ತುವಾಗ ಓಡು ಅನ್ನುತ್ತೆ, ಸಮ ರಸ್ತೆ ಬಂದ ತಕ್ಷಣ ನಡಿ ಅನ್ನುತ್ತೆ. ಆಗ ಅದನ್ನ ಕೆಡಿಸಿದೆ. ಏರು ಬಂದ್ರೆ ನಡಿಗೆ, ಎಷ್ಟೇ ಚೆನ್ನಾಗಿದ್ರೂ. ಸಮ ಇದ್ರೆ ಓಟ. ಇಳಿಜಾರಲ್ಲಿ ಸಣ್ಣ ಸಣ್ಣ ಹೆಜ್ಜೆ, ಸಾರು ತುಂಬಿದ ಪಾತ್ರೆ ಕೈಲಿರೋ ಹಾಗೆ. ಕಿಲೋಮೀಟರ್ ಲೆಕ್ಕ ಪೂರ್ತಿ ಬಿಟ್ಟೆ, ನಿಮಿಷ ಮಾತ್ರ. ಭಾನುವಾರ 50 ನಿಮಿಷದಿಂದ ಶುರು ಮಾಡಿ ಅಕ್ಟೋಬರ್ ಕೊನೆಗೆ 150 ನಿಮಿಷ, ಪ್ರತಿ ನಾಲ್ಕನೇ ವಾರ ಕಮ್ಮಿ. ಅರ್ಧ ಟೈಮ್ ಆದಾಗ ಎಲ್ಲಿದ್ದೀನೋ ಅಲ್ಲಿಂದ ವಾಪಸ್. ಬೇತ್ರಿ ರಸ್ತೆ ಆಗ್ಲಿ ಮಡಿಕೇರಿ ರಸ್ತೆ ಆಗ್ಲಿ 60 ನಿಮಿಷ ಅಂದ್ರೆ 60 ನಿಮಿಷದ ಕೆಲ್ಸಾನೇ, ದೇಹಕ್ಕೆ ಮೋಸ ಇಲ್ಲ.

ಮಳೆಗಾಲದಲ್ಲಿ ಇದು ನಡೀತು ಅನ್ನೋದೇ ನಂಗೆ ದೊಡ್ಡದು. ಜುಲೈ ಅಂದ್ರೆ ಗೊತ್ತಲ್ಲ, ರಸ್ತೆ ಅಂಚಲ್ಲಿ ಪಾಚಿ, ಸಾಕ್ಸ್ ಒಳಗೆ ಜಿಗಣೆ, ಕೊಡೆ ಹಿಡ್ಕೊಂಡು ಓಡೋ ಹುಚ್ಚ ನಾನೊಬ್ನೇ. ಪ್ಲಾನ್ 1 ಆಗಿದ್ರೆ ಜಾರಿ ಬಿದ್ದು ಹಲ್ಲು ಹೋಗ್ತಿತ್ತು. ಶೂ ಒಣಗಲ್ಲ ಅಂತ ಒಂದಿನ ಬಚ್ಚಲ ಒಲೆ ಪಕ್ಕ ಇಟ್ಟೆ, ಬೆಳಗ್ಗೆ ನೋಡಿದ್ರೆ ಅಂಟು ಕರಗಿ ಸೋಲ್ ಮೊಸಳೆ ಬಾಯಿ ತರ ತೆಗ್ದಿತ್ತು. ಒಳಗೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ, ಗಾಳೀಲಿ ಇಡಿ. ಆಗಲ್ಲ ಅಂದ್ರೆ ಎರಡು ಜೊತೆ ಇಟ್ಕೊಳ್ಳಿ, ವಾಚ್‌ಗೆ ಹಾಕಿದ ದುಡ್ಡಲ್ಲಿ ಬರ್ತಿತ್ತು.

ಇದೇ ಹೊತ್ತಿಗೆ ಆ ರೆಕಾರ್ಡ್ ಮಾಡಿದ ದೊಡ್ಡಮ್ಮನ ಮಗ ಕಕ್ಕಡ ಹದಿನೆಂಟಕ್ಕೆ, ಅಂದ್ರೆ ನಮ್ಮ ಕೊಡವ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಮನೆಗೆ ಬಂದಿದ್ದ, ಆವತ್ತು ಮಾಡೋ ಮದ್ದು ಸೊಪ್ಪಿನ ಪಾಯಸ ಎರಡು ಬಟ್ಟಲು ಹೊಡೆದ. ಮಾರನೇ ಬೆಳಗ್ಗೆ ನನ್ನ ಜೊತೆ 70 ನಿಮಿಷ ಓಡಿ ಬಂದು ಬಚ್ಚಲಿಗೆ ಹೋದವ್ನು ಬೆಳ್ಳಗಾಗಿ ಹೊರಗೆ ಬಂದ, ಮೂತ್ರ ಕೆಂಪಗಿದೆ, ಜಾಸ್ತಿ ಓಡಿದ್ರೆ ಹೀಗಾಗುತ್ತಂತೆ, ಗೂಗಲಲ್ಲಿ ಇದೆ, ಆಸ್ಪತ್ರೆಗೆ ಹೋಗೋಣ ಅಂತ. ಬೆಂಗಳೂರಲ್ಲೇ ಹುಟ್ಟಿ ಬೆಳೆದವ್ನು, ಪಾಪ. ಸೊಪ್ಪಿನ ಬಣ್ಣ ಅಂತ ಅವನಿಗೆ ಹೇಳೋ ಮೊದ್ಲು ಮಾವ ಐದು ನಿಮಿಷ ಸುಮ್ನಿದ್ರು, ಬೇಕಂತಾನೇ.

ಓಡ್ತಾ ಶಕ್ತಿಗೆ ತಿನ್ನೋಕೆ ಪ್ಯಾಕೆಟ್ ಜೆಲ್ಲಾ ಬೆಲ್ಲಾನಾ ಅಂತಾನೂ ನೋಡಿದೆ. ಜೆಲ್ ನನ್ನ ಹೊಟ್ಟೆಗೆ ಆಗ್ಲಿಲ್ಲ. ಒಂದು ಪ್ಯಾಕೆಟ್‌ನಲ್ಲಿ ಇರೋದು 20-25 ಗ್ರಾಂ ಸಕ್ಕರೆ ಪದಾರ್ಥ, ಅಷ್ಟೇ ತೂಕದ ಬೆಲ್ಲದಲ್ಲೂ ಹತ್ತಿರ ಹತ್ತಿರ ಅಷ್ಟೇ ಸಿಗುತ್ತೆ. ಬೆಲ್ಲ ಗೆದ್ತು, ಆದ್ರೆ ಮಳೇಲಿ ಜೇಬಲ್ಲಿ ಕರಗಿ ಇರುವೆ ಬರುತ್ತೆ, ಪ್ಲಾಸ್ಟಿಕ್ ಕವರಲ್ಲಿ ಇಡಿ.

ಇನ್ನು ಮೈಸೂರು. ನನ್ನ ಪದ್ಧತಿಯ ತೂತು ಅಲ್ಲಿ ಬಯಲಾಯ್ತು. ಏರು ಬಂದಾಗ ನಡೀಬೇಕು ಅಂತ ಐದು ತಿಂಗಳು ಕಲ್ತಿದ್ದೀನಿ, ಅಲ್ಲಿ ನಮ್ಮ ಕಣ್ಣಿಗೆ ಏರು ಅನ್ನೋದು ಎಲ್ಲೂ ಇಲ್ಲ! ಜನ, ತಮಟೆ, ಚಪ್ಪಾಳೆ, 5 ಕಿಲೋಮೀಟರ್ ಒಂದೇ ಸಮ ಓಡ್ಬಿಟ್ಟೆ. ಆಮೇಲೆ ಎಚ್ಚರ ಆಗಿ ವಾಚಲ್ಲಿ 4 ನಿಮಿಷ 1 ನಿಮಿಷ ಹಾಕ್ಕೊಂಡೆ, ಬಯ್ದು ಬದಿಗಿಟ್ಟಿದ್ದ ಟೈಮರೇ ಕೊನೆಗೆ ಕೈ ಹಿಡೀತು. 15ರ ನಂತರ ಸೊಂಟದ ಪಕ್ಕ ಹಿಡ್ಕೊಳ್ತು, ನಮ್ಮ ರಸ್ತೇಲಿ ಯಾವತ್ತೂ ಹಾಗಾಗಿರ್ಲಿಲ್ಲ, ಒಂದೇ ತರ ಹೆಜ್ಜೆ ಅಷ್ಟು ಹೊತ್ತು ಹಾಕಿ ಅಭ್ಯಾಸ ಇಲ್ಲದ್ದಕ್ಕೆ ಇರ್ಬೇಕು. 2 ಗಂಟೆ 47 ನಿಮಿಷ. ಈಗ ಮತ್ತೆ ಓಡೋದಾದ್ರೆ ಕೊನೇ ಆರು ವಾರ ತಿಂಗಳಿಗೆ ಎರಡು ಸಲನಾದ್ರೂ ಕುಶಾಲನಗರಕ್ಕೆ ಹೋಗ್ತೀನಿ, ಮುಖ ದಪ್ಪ ಆದ್ರೂ ಸರಿ.

ವಾಚ್ ಈಗ ಮಾವನ ಕೈಲಿದೆ. ದಿನಾ ಬೆಳಗ್ಗೆ ಗೇಟಿನ ಏರು ಹತ್ತಿ ಎಷ್ಟು ತೋರಿಸ್ತು ಅಂತ ನಂಗೆ ಬಂದು ಹೇಳ್ತಾರೆ. ಹಿಗ್ಡನ್ ಪ್ರಿಂಟ್ ಇನ್ನೂ ಫ್ರಿಡ್ಜ್ ಮೇಲೇ ಇದೆ, ಐದನೇ ವಾರದ ತನಕ ಟಿಕ್ಕು, ಆರನೇ ವಾರದಿಂದ ಕೆಳಗೆ ಹೆಂಡ್ತಿ ಹಾಲಿನ ಲೆಕ್ಕ ಬರೀತಾಳೆ.