ಡಿಎನ್‌ಎ ಬಾಗಿಸಿ ನೋಡಲು ಯಾವ ಪ್ಲಾಟಿನಮ್? ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್, ಆಕ್ಸಾಲಿಪ್ಲಾಟಿನ್

ಪ್ಲಾಟಿನಮ್ ಡಿಎನ್‌ಎಯನ್ನು ಹೇಗೆ ತಿರುಚುತ್ತದೆ ಎಂಬುದನ್ನು ಅಗರೋಸ್ ಜೆಲ್‌ನಲ್ಲಿ (ವಿದ್ಯುತ್ ಹರಿಸಿ ಡಿಎನ್‌ಎ ಬೇರ್ಪಡಿಸುವ ಲೋಳೆಯಂಥ ಹಾಳೆ) ಕಣ್ಣಾರೆ ಕಾಣಬೇಕಿದ್ದರೆ, ಪ್ಲಾಟಿನಮ್ ಇರುವ ಈ ಮೂರು ಕ್ಯಾನ್ಸರ್ ಔಷಧಗಳಲ್ಲಿ ನನ್ನ ಆಯ್ಕೆ ಸಿಸ್‌ಪ್ಲಾಟಿನ್. ಕ್ಲೋರೈಡ್ ಕಳಚಿಕೊಂಡು ನೀರು ಹಿಡಿದ ಮೇಲೆ ಅದು ಅಕ್ಕಪಕ್ಕದ ಎರಡು ಗ್ವಾನಿನ್‌ಗಳ (ಡಿಎನ್‌ಎಯ ‘ಜಿ’ ಅಕ್ಷರ) ಎನ್7 ಎಂಬ ನೈಟ್ರೋಜನ್‌ಗೆ ಕೂತು ಅವನ್ನು ಕೊಂಡಿಹಾಕುತ್ತದೆ. ಕೊಂಡಿಗಳಲ್ಲಿ ಸುಮಾರು 65% ಈ ಜಿಜಿ ಬಗೆಯವೇ, ಸುಮಾರು 25% ಎಜಿ (ಅಡೆನಿನ್-ಗ್ವಾನಿನ್). ಜಿಜಿ ಕೊಂಡಿ ಬಿದ್ದಲ್ಲಿ ಡಿಎನ್‌ಎ ಮೇಜರ್ ಗ್ರೂವ್ (ಸುರುಳಿಯ ಅಗಲವಾದ ತೋಡು) ಕಡೆಗೆ 30–40 ಡಿಗ್ರಿ ಬಾಗಿ, ಸುಮಾರು 13 ಡಿಗ್ರಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದಷ್ಟೂ ಪ್ಲಾಸ್ಮಿಡ್‌ನ (ಉಂಗುರಾಕಾರದ ಡಿಎನ್‌ಎ) ಸೂಪರ್‌ಕಾಯಿಲ್, ಅಂದರೆ ಹೆಚ್ಚುವರಿ ತಿರುಚು, ಸಡಿಲವಾಗಿ ಜೆಲ್‌ನಲ್ಲಿ ಅದರ ಪಟ್ಟಿ ನಿಧಾನವಾಗುತ್ತದೆ. 100 ನ್ಯೂಕ್ಲಿಯೋಟೈಡ್‌ಗೆ (ಡಿಎನ್‌ಎಯ ಘಟಕ) 8ರ ಆಸುಪಾಸು ಪ್ಲಾಟಿನಮ್ ಕೂತಾಗ ನಿಕ್ ಆದ (ಒಂದು ಎಳೆ ತುಂಡಾಗಿ ಆ ತಿರುಚು ಕಳೆದುಕೊಂಡ) ಡಿಎನ್‌ಎಯ ಪಟ್ಟಿಯೊಂದಿಗೆ ಒಂದಾಗುತ್ತದೆ.

ಲೆಕ್ಕ ಸುಲಭ. 1 ಮೈಕ್ರೋಗ್ರಾಂ ಡಿಎನ್‌ಎ ಎಂದರೆ ಸುಮಾರು 3.1 ನ್ಯಾನೋಮೋಲ್ ನ್ಯೂಕ್ಲಿಯೋಟೈಡ್. ನ್ಯೂಕ್ಲಿಯೋಟೈಡ್ ಒಂದಕ್ಕೆ 0.05 ಔಷಧ ಎಂಬ ಅನುಪಾತಕ್ಕೆ 0.15 ನ್ಯಾನೋಮೋಲ್ ಔಷಧ, ಅಂದರೆ 20 ಮೈಕ್ರೋಲೀಟರ್‌ನಲ್ಲಿ 7.7 ಮೈಕ್ರೋಮೋಲಾರ್. 37 ಡಿಗ್ರಿಯಲ್ಲಿ, ಕತ್ತಲೆಯಲ್ಲಿ, 24 ಗಂಟೆ.

ಪ್ರಯೋಗ ಕೆಡುವುದು ಹೆಚ್ಚಾಗಿ ಸ್ಟಾಕ್ (ಗಾಢ ಮೂಲ ದ್ರಾವಣ) ತಯಾರಿಯಲ್ಲೇ. ಸಿಸ್‌ಪ್ಲಾಟಿನ್ ನೀರಿನಲ್ಲಿ ಬೇಗ ಕರಗದು ಎಂದು ಡಿಎಂಎಸ್‌ಒ ಎಂಬ ದ್ರಾವಕ ಹಾಕುವ ರೂಢಿ ಇದೆ. ದಯವಿಟ್ಟು ಬೇಡ. ಡಿಎಂಎಸ್‌ಒದ ಗಂಧಕ ಪ್ಲಾಟಿನಮ್‌ಗೆ ಬಲು ಹತ್ತಿರದ್ದು. ಕ್ಲೋರೈಡನ್ನು ತಳ್ಳಿ ತಾನೇ ಕೂರುತ್ತದೆ. ದ್ರಾವಣ ತಿಳಿಯಾಗಿಯೇ ಇರುತ್ತದೆ, ಹಾಗಾಗಿ ಅನುಮಾನ ಬರುವುದಿಲ್ಲ. ಆದರೆ ಒಳಗಿರುವುದು ಸಿಸ್‌ಪ್ಲಾಟಿನ್ ಅಲ್ಲ. ಆಮೇಲೆ ಪ್ಲಾಸ್ಮಿಡ್ ಸರಿಯಿಲ್ಲವೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

0.9% ಉಪ್ಪುನೀರಿನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಹಾಕಿ, 37 ಡಿಗ್ರಿಯಲ್ಲಿ ಅಲುಗಾಡಿಸಿ. ಇದು 3.3 ಮಿಲಿಮೋಲಾರ್ ಆಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಹರಳುಗಟ್ಟುತ್ತದೆ. ಸ್ಟಾಕ್‌ನಲ್ಲಿ ಔಷಧವನ್ನು ಕಾಯುವ ಕ್ಲೋರೈಡೇ ಡಿಎನ್‌ಎ ಜೊತೆ ಸೇರಿಸಿದ ಮೇಲೆ ಅಡ್ಡಿ, ಆದ್ದರಿಂದ ಪ್ರತಿಕ್ರಿಯೆಯನ್ನು 10 ಮಿಲಿಮೋಲಾರ್ ಸೋಡಿಯಂ ಪರ್‌ಕ್ಲೋರೇಟ್‌ನಲ್ಲಿ ಮಾಡಿ. ಟ್ರಿಸ್ ಎಂಬ ಬಫರ್‌ನ ಅಮೈನ್ ಕೂಡ ಪ್ಲಾಟಿನಮ್‌ಗೆ ಅಂಟಬಲ್ಲದು. ಡಿಟಿಟಿಯಂಥ ಥಯಾಲ್ (ಗಂಧಕವುಳ್ಳ ಸಂಯುಕ್ತ) ಇದ್ದರಂತೂ ಕೆಲಸ ಮುಗಿದಂತೆ.

ಡಿಎನ್‌ಎ ಕಾಣಿಸುವ ಬಣ್ಣವಾದ ಎಥಿಡಿಯಂ ಬ್ರೋಮೈಡನ್ನು ಜೆಲ್ ಓಡಿದ ಮೇಲೆ ಹಾಕಿ. ಮೊದಲೇ ಬೆರೆಸಿದರೆ ಅದೂ ಸುರುಳಿ ಬಿಚ್ಚಿ, ನೋಡಬೇಕಾದದ್ದನ್ನೇ ಮುಚ್ಚಿಹಾಕುತ್ತದೆ.

ಕಾರ್ಬೋಪ್ಲಾಟಿನ್ ಕಟ್ಟುವ ಕೊಂಡಿಗಳು ಸಿಸ್‌ಪ್ಲಾಟಿನ್‌ನವೇ. ಆದರೆ ಅದರ ಡೈಕಾರ್ಬಾಕ್ಸಿಲೇಟ್ ಉಂಗುರ ಬಹಳ ನಿಧಾನವಾಗಿ ಬಿಡುತ್ತದೆ. ಇಷ್ಟೇ ಪ್ರಮಾಣ, ಇಷ್ಟೇ ಹೊತ್ತು ಕೊಟ್ಟರೆ ಪಟ್ಟಿ ಕದಲುವುದೇ ಕಷ್ಟ. ರೋಗಿಯ ಮೂತ್ರಪಿಂಡಕ್ಕೆ ಈ ನಿಧಾನ ಒಳ್ಳೆಯದು, ಜೆಲ್‌ಗೆ ಅಲ್ಲ.

ಆಕ್ಸಾಲಿಪ್ಲಾಟಿನ್ ಕ್ಲೋರೈಡ್ ಸಹಿಸದು. ಉಪ್ಪುನೀರಿನ ಬದಲು 5% ಡೆಕ್ಸ್‌ಟ್ರೋಸ್ ಬೇಕು. ಅದರ ಡೈಅಮಿನೋಸೈಕ್ಲೋಹೆಕ್ಸೇನ್ ತುಂಡು ಕೊಂಡಿಯಲ್ಲೇ ಉಳಿದು ಮೇಜರ್ ಗ್ರೂವ್ ತುಂಬುವುದರಿಂದ ಮಿಸ್‌ಮ್ಯಾಚ್ ರಿಪೇರ್ ಪ್ರೋಟೀನ್‌ಗಳು (ಡಿಎನ್‌ಎಯ ಜೋಡಿ ತಪ್ಪುಗಳನ್ನು ಸರಿಪಡಿಸುವವು) ಅದನ್ನು ಸಿಸ್‌ಪ್ಲಾಟಿನ್ ಕೊಂಡಿಯಷ್ಟು ಚೆನ್ನಾಗಿ ಗುರುತಿಸುವುದಿಲ್ಲ. ಜೀವಕೋಶಗಳಲ್ಲಿ ರಿಪೇರಿ ಅಳೆಯುವುದಾದರೆ ಇದನ್ನೇ ತೆಗೆದುಕೊಳ್ಳುವೆ.

ಕೂತ ಪ್ಲಾಟಿನಮ್ ಎಷ್ಟೆಂದು ಅಳೆಯಲು ಐಸಿಪಿ-ಎಂಎಸ್ (ಲೋಹದ ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ಯಂತ್ರ) ಇದ್ದರೆ ಕಾರ್ಬೋಪ್ಲಾಟಿನ್‌ನೊಂದಿಗೂ ಏಗಬಹುದು. ಒಂದು ಜೆಲ್ ಟ್ಯಾಂಕ್, ಒಂದು ಯುವಿ ದೀಪವಷ್ಟೇ ಇರುವ ಕಡೆ ಸಿಸ್‌ಪ್ಲಾಟಿನ್ ತೂಗಿ. ಗ್ಲೋವ್ಸ್ ಹಾಕಿಕೊಂಡು, ಹುಡ್ ಒಳಗೆ, ಅಲ್ಯೂಮಿನಿಯಂ ತಾಗದಂತೆ.