ಲೂಸಿಡ್ ಡ್ರೀಮಿಂಗ್ ಕಲಿಯಲು ಹೊರಟವರು ದಯವಿಟ್ಟು 'ವೈಲ್ಡ್'ನಿಂದ ಶುರು ಮಾಡಬೇಡಿ

ಕನಸು ಕಾಣುತ್ತಿರುವಾಗಲೇ 'ಇದು ಕನಸು' ಎಂದು ಗೊತ್ತಾಗುವುದು, ಅಂದರೆ ಲೂಸಿಡ್ ಡ್ರೀಮಿಂಗ್, ಸುಳ್ಳಲ್ಲ. 1975ರಲ್ಲೇ ಇಂಗ್ಲೆಂಡಿನ ಸಂಶೋಧಕ ಕೀತ್ ಹರ್ನ್, ಮಲಗಿದ್ದವರೊಬ್ಬರು ಕನಸಿನೊಳಗಿಂದ ಕಣ್ಣು ಆಡಿಸಿ ಕೊಟ್ಟ ಸನ್ನೆಯನ್ನು ಯಂತ್ರದಲ್ಲಿ ದಾಖಲಿಸಿದ್ದರು. ಹಾಗಾಗಿ ಕಲಿಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. 'ಮೊದಲ ವಾರದಲ್ಲೇ ಸಾಧ್ಯ' ಎಂದು ಆಸೆ ಹುಟ್ಟಿಸುವವರನ್ನು ನಂಬಬೇಡಿ ಅಂತಿದ್ದೇನೆ.

ನಾನು ದುಡ್ಡು ಕೊಟ್ಟು ಸೇರಿದ ಆನ್‌ಲೈನ್ ತರಗತಿಯಲ್ಲಿ ಮೊದಲ ಪಾಠವೇ ವೈಲ್ಡ್ (WILD) ಎಂಬ ವಿಧಾನ. ದೇಹಕ್ಕೆ ನಿದ್ದೆ ಬರಬೇಕು, ಮನಸ್ಸು ಮಾತ್ರ ಎಚ್ಚರವಾಗಿರಬೇಕು, ಹಾಗೇ ಕನಸಿಗೆ ಇಳಿಯಬೇಕು. ಅದಕ್ಕೆ ಮಲಗಿ ಐದು ಗಂಟೆಯಾದ ಮೇಲೆ ಅಲಾರಂ ಇಟ್ಟು ಏಳಬೇಕು, ಸ್ವಲ್ಪ ಹೊತ್ತು ಕೂತು ಮತ್ತೆ ಮಲಗಬೇಕು. ಬೆಳಗಿನ ಜಾವಕ್ಕೆ ಕನಸಿನ ನಿದ್ದೆ, ಅಂದರೆ ರೆಮ್, ಜಾಸ್ತಿ ಇರುವುದರಿಂದ ಈ ಹೊತ್ತು ಸರಿಯೇ. ಆದರೆ ಅವರು ಇದನ್ನು ದಿನಾ ಮಾಡಿಸಿದರು.

ಒಂದು ರಾತ್ರಿ ಕಣ್ಣು ಬಿಟ್ಟರೆ ಬೆರಳೂ ಅಲ್ಲಾಡಲಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ ಭಾರ. ಬಾಗಿಲ ಹತ್ತಿರ ಒಂದು ಕಪ್ಪು ಆಕಾರ. ಕೂಗೋಣವೆಂದರೆ ದನಿಯೇ ಹೊರಡುತ್ತಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿತು. ಬೆಳಿಗ್ಗೆ ಹೇಳಿಕೊಂಡರೆ ಕಲಿಸುವವರು, 'ಒಳ್ಳೆಯ ಲಕ್ಷಣ, ಬಿಡಬೇಡಿ' ಎಂದರು. ಹೀಗಾಗಬಹುದು ಎಂದು ಮೊದಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ನನಗೆ ಈಗಲೂ ಸಿಟ್ಟಿರುವುದು ಅದಕ್ಕೇ.

ಅದು ಸ್ಲೀಪ್ ಪ್ಯಾರಾಲಿಸಿಸ್. ರೆಮ್ ನಿದ್ದೆಯಲ್ಲಿ ನಾವು ಕನಸಿನಂತೆ ಎದ್ದು ಓಡದಿರಲಿ ಎಂದು ಮೆದುಳೇ ಮೈಯ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಅದು ಮುಗಿಯುವ ಮೊದಲೇ ಎಚ್ಚರವಾದರೆ ಮೈ ಕದಲುವುದಿಲ್ಲ, ಕನಸಿನ ಚಿತ್ರಗಳು ಕೋಣೆಯಲ್ಲೇ ಕಾಣುತ್ತವೆ. ಉಸಿರಾಟ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷದಲ್ಲಿ ತಾನೇ ಬಿಡುತ್ತದೆ. ನಿಮಗೂ ಆದರೆ ಒದ್ದಾಡಬೇಡಿ. ನಿಧಾನ ಉಸಿರಾಡುತ್ತಾ ಒಂದು ಬೆರಳು ಅಲ್ಲಾಡಿಸಲು ನೋಡಿ. ನಿದ್ದೆಗೆಟ್ಟವರಿಗೆ ಇದು ಹೆಚ್ಚು. ದಿನಾ ಅಲಾರಂ ಇಟ್ಟು ನಿದ್ದೆ ಮುರಿದುಕೊಂಡರೆ ನಾವೇ ಅದನ್ನು ಕರೆದ ಹಾಗೆ.

ಆಮೇಲೆ ನನಗೆ ಹಾಸಿಗೆ ಕಂಡರೇ ಭಯ. ಹಗಲಿಡೀ ಮಂಪರು. ಎಚ್ಚರವಾಗಿದ್ದಾಗಲೂ ಸುತ್ತಲಿನದು ನಿಜವೋ ಅಲ್ಲವೋ ಎಂಬ ಅನುಮಾನ ಕಾಡುತ್ತಿತ್ತು. ಅಲಾರಂ ಪೂರ್ತಿ ನಿಲ್ಲಿಸಿದ ಮೇಲೆ ನಿಧಾನವಾಗಿ ಸರಿಹೋಯಿತು.

ಅದೇ ತರಗತಿಯಲ್ಲಿ ಗ್ಯಾಲಂಟಮೈನ್ ಮಾತ್ರೆ ತಗೊಳ್ಳಿ ಅಂತಲೂ ಹೇಳಿದ್ದರು. ಅದು ಆಲ್ಝೈಮರ್ಸ್ ರೋಗಿಗಳಿಗೆ ಕೊಡುವ ಔಷಧ. ವಾಕರಿಕೆ ಬರಬಹುದು, ಹೃದಯದ ಬಡಿತ ನಿಧಾನವಾಗಬಹುದು. ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಕಲಿಯಲೇಬೇಕೆಂದರೆ ಕನಸಿನ ಡೈರಿಯಿಂದ ಶುರು ಮಾಡಿ. ಎದ್ದ ಕೂಡಲೇ ನೆನಪಿದ್ದಷ್ಟು ಬರೆಯಿರಿ. ಮಲಗುವಾಗ 'ಕನಸು ಬಿದ್ದಾಗ ಅದು ಕನಸೆಂದು ಗುರುತಿಸುತ್ತೇನೆ' ಎಂದುಕೊಳ್ಳಿ. ಮೈಲ್ಡ್ (MILD) ಎಂಬ ಇನ್ನೊಂದು ವಿಧಾನದ ತಿರುಳೇ ಇದು. ಫಲ ಸಿಗಲು ವಾರಗಟ್ಟಲೆ ಹಿಡಿಯಬಹುದು. ಅಲಾರಂ ಬೇಕೆನಿಸಿದರೆ ಮರುದಿನ ತಡವಾಗಿ ಏಳಬಹುದಾದ ರಾತ್ರಿ ಮಾತ್ರ ಇಡಿ. ಮೊದಲೇ ನಿದ್ದೆಯ ತೊಂದರೆ ಇರುವವರು, ಇಲ್ಲದ್ದು ಕಾಣಿಸುವ, ಕೇಳಿಸುವ ಕಾಯಿಲೆ ಇದ್ದವರು ಮನೋವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.