ಪಾತಿಗೆ ಹೊದಿಕೆ: ಕಾಫಿ ಸಿಪ್ಪೆಯೋ, ತರಗೆಲೆಯೋ, ಮರದ ಪುಡಿಯೋ?

ಮಡಿಕೇರಿಯಂಥ ಇಳಿಜಾರಿನ ಹಿತ್ತಲಿಗೆ ಪಾತಿಯ ಮಣ್ಣು ಮುಚ್ಚುವ ಹೊದಿಕೆ (ಮಲ್ಚ್) ಕೊಳ್ಳುವವರು ಬೆಲೆಗಿಂತ ಮೊದಲು ಮಳೆಯನ್ನು ಲೆಕ್ಕ ಹಾಕಬೇಕು. ಹಗುರವಾದದ್ದೆಲ್ಲ ಜುಲೈಯಲ್ಲಿ ಕೆಳಗಿನ ಮನೆಯವರ ಪಾಲಾಗುತ್ತದೆ.

ಕಾಫಿ ಸಿಪ್ಪೆ ಲೋಡ್‌ಗಟ್ಟಲೆ ಸಿಗುವುದು ಕೊಯ್ಲು ಮುಗಿದು ಹಣ್ಣು ಒಣಗಿಸಿ ಮಿಲ್ ಮಾಡಿಸುವ ಕಾಲದಲ್ಲಿ. ಅದರಲ್ಲಿ ಪೊಟ್ಯಾಷ್ ಹೆಚ್ಚು, ಹೂಗಿಡಗಳಿಗೆ ಒಳ್ಳೆಯದು. ಆದರೆ ಹಸಿ ರಾಶಿ ಬಿಸಿಯೇರುತ್ತದೆ. ಕೆಲವು ತಿಂಗಳು ಕೊಳೆಯಲು ಬಿಟ್ಟು, ಕಪ್ಪಾಗಿ ತಣ್ಣಗಾದ ಮೇಲೆ ಹರಡಿ. ಹಸಿಯದನ್ನು ಅಗ್ಗವೆಂದು ತಂದು ನೇರ ಸುರಿಯುವುದು ಉಳಿತಾಯವಲ್ಲ.

ಸಿಲ್ವರ್ ಓಕ್ ತರಗೆಲೆ ಪುಕ್ಕಟೆ, ನಿಧಾನವಾಗಿ ಕರಗುತ್ತದೆ, ಒಂದಕ್ಕೊಂದು ಹೆಣೆದುಕೊಂಡು ಇಳಿಜಾರಿನಲ್ಲೂ ನಿಲ್ಲುತ್ತದೆ. ನನ್ನ ಮತ ಇದಕ್ಕೇ. ಭತ್ತದ ಹುಲ್ಲೂ ಆದೀತು, ಆದರೆ ಅದನ್ನು ದನಕ್ಕೆ ಬಿಟ್ಟುಕೊಡುವುದು ಮರ್ಯಾದೆ.

ಸಾಮಿಲ್ಲಿನ ಮರದ ಪುಡಿ ಓಡಾಡುವ ದಾರಿಗೆ ಸರಿ. ಮಣ್ಣಿಗೆ ಬೆರೆತರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ತರಕಾರಿ ಎಲೆ ಹಳದಿಯಾಗುತ್ತದೆ.

ಅಳತೆ ಸುಲಭ: 5 ಸೆಂಟಿಮೀಟರ್ ದಪ್ಪಕ್ಕೆ ಒಂದು ಚದರ ಮೀಟರ್ ಪಾತಿ 50 ಲೀಟರ್ ಹೊದಿಕೆ ಬೇಡುತ್ತದೆ. ತರಗೆಲೆ ಕುಗ್ಗುವುದರಿಂದ ಅದರ ಎರಡರಷ್ಟು ಹಾಕಿ. ಮಳೆ ಇಳಿಯುತ್ತಿದ್ದಂತೆ, ಮಣ್ಣಿನಲ್ಲಿ ತೇವವಿರುವಾಗಲೇ, ಕಳೆ ಕಿತ್ತು ಹರಡಬೇಕು. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಇಲ್ಲವಾದರೆ ಬುಡ ಕೊಳೆಯುತ್ತದೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳುವಿನ ಕಾಟ ಕಂಡವರು ಮಳೆಗಾಲದಲ್ಲಿ ಪದರವನ್ನು ತೆಳುವಾಗಿಸಿ, ಆಗಾಗ ಎತ್ತಿ ನೋಡುವುದು ಲೇಸು.